ಟೈಲ್ ಭಿತ್ತಿಚಿತ್ರಗಳು: ತವರ, ಸೀಸ ಮತ್ತು ಕೋಬಾಲ್ಟಿನ ಕಥೆ

ಸುಮಾರು ಕ್ರಿ.ಶ. 1700ರಲ್ಲಿ ಪೋರ್ಚುಗಲ್ ದೇಶದ ರಾಜಧಾನಿ ಲಿಸ್ಬನ್ನಿನ ಒಂದು ಸಿರಿವಂತ ಮನೆಗೆಂದು ಚಿತ್ರವೊಂದು ತಯಾರಾಯಿತು. ಅದರ ಉದ್ದ 23 ಮೀಟರು. ಟೇಗಸ್ ನದಿಯ ದಡದಲ್ಲಿ ಹಬ್ಬಿದ್ದ ಲಿಸ್ಬನ್ ನಗರದ ಅರಮನೆ, ಚರ್ಚು, ಹಡಗುಕಟ್ಟೆ, ಸಂತೆ, ಮನೆಗಳ ಸಾಲು ಎಲ್ಲವೂ ಅದರಲ್ಲಿ ಬಿಳಿಯ ಮೇಲೆ ನೀಲಿ ಬಣ್ಣದಲ್ಲಿ ಮೂಡಿದ್ದವು. ಆದರೆ ಅದನ್ನು ಬರೆದದ್ದು ಬಟ್ಟೆಯ ಮೇಲಲ್ಲ, ಗಾರೆಯ ಮೇಲೂ ಅಲ್ಲ. ಸುಮಾರು 1300 ಸುಟ್ಟ ಮಣ್ಣಿನ ಟೈಲ್‌ಗಳ ಮೇಲೆ. 1755ರ ನವೆಂಬರ್ 1ರಂದು ಭೂಕಂಪ, ಸಮುದ್ರದ ಭಾರೀ ಅಲೆಗಳು ಮತ್ತು ಬೆಂಕಿ ಸೇರಿ ಆ ನಗರದ ಬಹುಭಾಗವನ್ನು ನಾಶಮಾಡಿದವು. ಹಳೆಯ ಲಿಸ್ಬನ್ ಹೇಗಿತ್ತು ಎಂದು ತಿಳಿಯಲು ಇತಿಹಾಸಕಾರರು ಇಂದು ಆಶ್ರಯಿಸುವ ಮುಖ್ಯ ದಾಖಲೆಗಳಲ್ಲಿ ಈ ಮನೆಯ ಗೋಡೆಯ ಚಿತ್ರವೂ ಒಂದು. ಗೇಬ್ರಿಯಲ್ ಡೆಲ್ ಬಾರ್ಕೊ ಎಂಬ ಸ್ಪೇನಿನ ಕಲಾವಿದನ ಕೈಕೆಲಸ ಇದೆಂದು ಹೇಳಲಾಗುತ್ತದೆ. ಈಗ ಅದು ಲಿಸ್ಬನ್ನಿನ ರಾಷ್ಟ್ರೀಯ ಟೈಲ್ ವಸ್ತುಸಂಗ್ರಹಾಲಯದ ಸ್ವತ್ತು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಪೋರ್ಚುಗಲ್ಲಿನ ಹಳೆಯ ಟೈಲಿನ ಒಂದು ಬದಿ ಸುಮಾರು 14 ಸೆ.ಮೀ. ಹಾಗಾದರೆ 23 ಮೀಟರಿಗೆ ಸುಮಾರು 164 ಟೈಲ್‌ಗಳು ಬೇಕು. 1300ನ್ನು 164ರಿಂದ ಭಾಗಿಸಿದರೆ ಸುಮಾರು 8 ಸಾಲು. ಎತ್ತರ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಪ್ರತಿಯೊಂದು ಟೈಲೂ ಬೇರೆ, ಒಂದರಂತೆ ಇನ್ನೊಂದಿಲ್ಲ. ಎಲ್ಲವೂ ಆವಿಗೆಯಲ್ಲಿ ಬೆಂದು ಹೊರಬಂದ ಮೇಲೂ ಗೆರೆಗೆ ಗೆರೆ ಕೂಡಬೇಕು, ಬಣ್ಣ ಹರಡಬಾರದು, ಮುನ್ನೂರು ವರ್ಷ ಮಾಸಬಾರದು. ಇದು ಹೇಗೆ ಸಾಧ್ಯವಾಯಿತು? ಇದಕ್ಕೆ ಕಲಾವಿದನ ಕೈಚಳಕವೊಂದೇ ಉತ್ತರವಲ್ಲ. ಈ ಚಿತ್ರದ ಹಿಂದೆ ಸುಮಾರು ಸಾವಿರ ವರ್ಷಗಳ ರಸಾಯನ ವಿಜ್ಞಾನವಿದೆ.

ಗಾಜಿನ ಮೇಲೆ ಬಣ್ಣ ನಿಲ್ಲದು

ಟೈಲಿನ ಮೇಲಿನ ಹೊಳೆಯುವ ಪದರಕ್ಕೆ ಗ್ಲೇಜು ಎನ್ನುತ್ತಾರೆ. ಅದು ನಿಜವಾಗಿ ಗಾಜು. ಮರಳಿನಲ್ಲಿರುವ ಸಿಲಿಕಾ ಅದರ ಮುಖ್ಯ ಘಟಕ. ಸಿಲಿಕಾ ಒಂದೇ ಇದ್ದರೆ ಕರಗಲು ಸುಮಾರು 1700 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಸೌದೆ ಉರಿಸುವ ಆವಿಗೆಯಲ್ಲಿ ಅಷ್ಟು ಕಾವು ಸಿಗದು. ಅದಕ್ಕೆ ಸೋಡಾ, ಪೊಟ್ಯಾಷ್‌ನಂಥ ಕ್ಷಾರವನ್ನಾಗಲಿ ಸೀಸದ ಆಕ್ಸೈಡನ್ನಾಗಲಿ ಬೆರೆಸಿದರೆ 900ರಿಂದ 1000 ಡಿಗ್ರಿಯ ಆಸುಪಾಸಿನಲ್ಲೇ ಅದು ಕರಗಿ ಹರಡುತ್ತದೆ.

ತೊಂದರೆ ಇರುವುದು ಇಲ್ಲೇ. ಕರಗಿದ ಗಾಜು ದ್ರವ. ಪಕ್ಕಪಕ್ಕದಲ್ಲಿ ಹಳದಿ ಮತ್ತು ನೀಲಿ ಗ್ಲೇಜುಗಳನ್ನು ಬಳಿದು ಆವಿಗೆಯಲ್ಲಿಟ್ಟರೆ ಅವು ಒಂದಕ್ಕೊಂದು ಬೆರೆಯುತ್ತವೆ, ಗೆರೆ ಉಳಿಯುವುದಿಲ್ಲ. ಈ ತೊಂದರೆಗೆ ಬೇರೆ ಬೇರೆ ನಾಡಿನ ಕುಶಲಕರ್ಮಿಗಳು ಬೇರೆ ಬೇರೆ ಉಪಾಯ ಕಂಡುಕೊಂಡರು.

ಮೊದಲನೆಯದು ಕತ್ತರಿಸುವ ಉಪಾಯ. ಒಂದೊಂದು ಟೈಲಿಗೆ ಒಂದೇ ಬಣ್ಣ ಕೊಟ್ಟು ಸುಟ್ಟು, ಅನಂತರ ಬೇಕಾದ ಆಕಾರಕ್ಕೆ ಕತ್ತರಿಸಿ, ತುಂಡುಗಳನ್ನು ಗಾರೆಯಲ್ಲಿ ಜೋಡಿಸುವುದು. ಇರಾನಿನಲ್ಲಿ ಬೆಳೆದ ಈ ಕಲೆಯನ್ನು ನೋಡಲು ನೀವು ದೂರ ಹೋಗಬೇಕಿಲ್ಲ. ನಮ್ಮ ಬೀದರ ಕೋಟೆಯ ರಂಗೀನ್ ಮಹಲಿಗೆ ಹೋದರೆ ಸಾಕು. ಎರಡನೆಯದು ಬೇಲಿ ಹಾಕುವ ಉಪಾಯ. ಎಣ್ಣೆಯಂಥ ಜಿಡ್ಡಿನಲ್ಲಿ ಮ್ಯಾಂಗನೀಸಿನ ಪುಡಿ ಕಲೆಸಿ ಟೈಲಿನ ಮೇಲೆ ಗೆರೆ ಎಳೆದು, ಗೆರೆಗಳ ನಡುವೆ ನೀರಿನಲ್ಲಿ ಕಲೆಸಿದ ಗ್ಲೇಜು ತುಂಬುವುದು. ಜಿಡ್ಡು ನೀರನ್ನು ಹತ್ತಿರ ಸೇರಿಸದು, ಆದ್ದರಿಂದ ಬಣ್ಣಗಳು ದೂರ ನಿಲ್ಲುತ್ತವೆ. ಆವಿಗೆಯಲ್ಲಿ ಜಿಡ್ಡು ಸುಟ್ಟುಹೋಗಿ ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಸ್ಪೇನಿನ ಸೆವಿಲ್ ನಗರದಲ್ಲಿ ಈ ವಿಧಾನ ಬಹಳ ಬಳಕೆಯಲ್ಲಿತ್ತು. ಪೋರ್ಚುಗಲ್ಲಿನ ದೊರೆ ಮೊದಲನೆಯ ಮ್ಯಾನುಯೆಲ್ 1498ರಲ್ಲಿ ಸ್ಪೇನಿಗೆ ಹೋಗಿಬಂದ ಬಳಿಕ ತನ್ನ ಸಿಂತ್ರಾ ಅರಮನೆಗೆ ಸೆವಿಲ್ಲಿನಿಂದಲೇ ಟೈಲ್ ತರಿಸಿದ.

ಈ ಎರಡೂ ವಿಧಾನಗಳಲ್ಲಿ ಬಳ್ಳಿ, ಹೂವು, ನಕ್ಷತ್ರ, ಅಕ್ಷರ ಚೆನ್ನಾಗಿ ಮೂಡುತ್ತವೆ. ಆದರೆ ಮನುಷ್ಯನ ಮುಖದ ನೆರಳನ್ನಾಗಲಿ ನದಿಯ ಮೇಲಿನ ಮಂಜನ್ನಾಗಲಿ ತೋರಿಸಲಾಗದು. ಅದಕ್ಕೆ ಕುಂಚವನ್ನು ತಡೆಯಿಲ್ಲದೆ ಓಡಿಸಬಲ್ಲ ಬಿಳಿಯ ಹಾಳೆಯೇ ಬೇಕು. ಆ ಹಾಳೆಯನ್ನು ಒದಗಿಸಿದ್ದು ಮೂರನೆಯ ಉಪಾಯ, ಅಂದರೆ ತವರದ ಗ್ಲೇಜು.

ತವರದ ಬಿಳುಪು

ಕ್ರಿ.ಶ. 8 ಮತ್ತು 9ನೇ ಶತಮಾನಗಳಲ್ಲಿ ಪಶ್ಚಿಮ ಏಷ್ಯಾದ ಕುಂಬಾರರು ಗ್ಲೇಜಿಗೆ ತವರದ ಆಕ್ಸೈಡು ಬೆರೆಸುವುದನ್ನು ರೂಢಿಸಿಕೊಂಡರು. ಇರಾಕಿನ ಬಸ್ರಾ ಇದರ ಮುಖ್ಯ ಕೇಂದ್ರವಾಯಿತು. ಚೀನಾದಿಂದ ಬರುತ್ತಿದ್ದ ಬಿಳಿ ಪಿಂಗಾಣಿಗೆ ಸರಿಗಟ್ಟುವ ಪಾತ್ರೆಯನ್ನು ಮಾಡುವುದು ಅವರ ಬಯಕೆ. ಚೀನೀಯರ ಬಳಿ ಇದ್ದಂಥ ಬಿಳಿ ಜೇಡಿಮಣ್ಣು ಅವರಿಗೆ ಸಿಗಲಿಲ್ಲ. ಮಣ್ಣು ಬಿಳಿಯಾಗದಿದ್ದರೇನು, ಮೇಲಿನ ಗಾಜನ್ನೇ ಬಿಳಿ ಮಾಡಿದರಾಯಿತು ಎಂಬುದು ಅವರು ಹಿಡಿದ ದಾರಿ.

ತವರದ ಆಕ್ಸೈಡು ಕರಗಿದ ಗಾಜಿನಲ್ಲಿ ಬಹುಮಟ್ಟಿಗೆ ಕರಗುವುದಿಲ್ಲ. ಅದು ಒಂದು ಮೈಕ್ರಾನಿಗಿಂತಲೂ ಚಿಕ್ಕದಾದ ಹರಳುಗಳಾಗಿ ಗಾಜಿನೊಳಗೆ ಹರಡಿಕೊಳ್ಳುತ್ತದೆ. ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.5ರಿಂದ 1.7; ತವರದ ಆಕ್ಸೈಡಿನದು ಸುಮಾರು 2. ಒಳಹೊಕ್ಕ ಬೆಳಕು ಈ ಹರಳುಗಳಿಗೆ ತಗುಲಿ ಮತ್ತೆ ಮತ್ತೆ ಚದರುತ್ತದೆ, ಕೆಳಗಿನ ಮಣ್ಣಿನವರೆಗೆ ತಲುಪದೆ ಹಿಂದಕ್ಕೆ ಬರುತ್ತದೆ. ಎಲ್ಲ ಬಣ್ಣಗಳ ಬೆಳಕೂ ಸಮನಾಗಿ ಹಿಂದಿರುಗುವುದರಿಂದ ನಮಗೆ ಬಿಳಿ ಕಾಣುತ್ತದೆ. ಹಾಲು ಬೆಳ್ಳಗಿರುವುದಕ್ಕೂ ಇಂಥದೇ ಕಾರಣ. ಅಲ್ಲಿ ಹರಳಿನ ಬದಲು ಕೊಬ್ಬು ಮತ್ತು ಪ್ರೋಟೀನಿನ ಕಣಗಳಿರುತ್ತವೆ, ಅಷ್ಟೆ. ಗ್ಲೇಜಿನ ತೂಕದಲ್ಲಿ ಶೇ. 5ರಿಂದ 10ರಷ್ಟು ತವರದ ಆಕ್ಸೈಡು ಇದ್ದರೆ ಕೆಂಪು ಮಣ್ಣೂ ಮರೆಯಾಗುತ್ತದೆ.

ಇರಾನಿನ ಕಾಶಾನ್ ಊರಿನ ಕುಂಬಾರ ಮನೆತನಕ್ಕೆ ಸೇರಿದ ಅಬುಲ್ ಕಾಸಿಂ ಎಂಬಾತ 1301ರಲ್ಲಿ ಈ ಕಸುಬಿನ ಕುರಿತು ಬರೆದ ಪುಸ್ತಕ ನಮಗೆ ದೊರೆತಿದೆ. ಸೀಸ ಮತ್ತು ತವರಗಳನ್ನು ಒಟ್ಟಿಗೆ ಕಾಯಿಸಿ ಭಸ್ಮ ಮಾಡುವ ಕ್ರಮ ಅದರಲ್ಲಿದೆ. ಟೈಲಿನ ಮೈಗೆ 10 ಪಾಲು ಬೆಣಚುಕಲ್ಲಿನ ಪುಡಿ, 1 ಪಾಲು ಗಾಜಿನ ಪುಡಿ, 1 ಪಾಲು ಬಿಳಿ ಜೇಡಿ ಎಂಬ ಅಳತೆಯನ್ನೂ ಅವನು ಕೊಟ್ಟಿದ್ದಾನೆ. ಮಣ್ಣಿಗಿಂತ ಬೆಣಚುಕಲ್ಲೇ ಹೆಚ್ಚಾದ ಈ ಅಳತೆಯ ಹಿಂದಿರುವ ಭೌತ ವಿಜ್ಞಾನವನ್ನು ಬೀದರಿನ ಮಾತು ಬಂದಾಗ ನೋಡೋಣ. ಉತ್ತರ ಭಾರತದಲ್ಲಿ ಟೈಲ್ ಕೆಲಸಕ್ಕೆ ‘ಕಾಶಿಕಾರಿ’ ಎಂಬ ಹೆಸರು ಬಂದದ್ದು ಈ ಕಾಶಾನ್ ಊರಿನಿಂದಲೇ.

ತವರದ ಗ್ಲೇಜಿನ ವಿದ್ಯೆ ಅರಬರೊಂದಿಗೆ ಸ್ಪೇನಿಗೆ, ಅಲ್ಲಿಂದ ಇಟಲಿಗೆ ಹೋಯಿತು. ಇಟಲಿಯ ಫ್ರಾನ್ಸಿಸ್ಕೊ ನಿಕುಲೋಸೊ ಎಂಬ ಕಲಾವಿದ ಸೆವಿಲ್ಲಿಗೆ ಬಂದು ನೆಲೆಸಿ, 1504ರಲ್ಲಿ ಅಲ್ಲಿನ ಅರಮನೆಯ ಪ್ರಾರ್ಥನಾ ಮಂದಿರಕ್ಕೆ ಟೈಲಿನ ಮೇಲೆ ಪೂರ್ಣ ಚಿತ್ರವನ್ನೇ ಬರೆದ. ಕತ್ತರಿಯೂ ಇಲ್ಲ, ಬೇಲಿಯೂ ಇಲ್ಲ, ಕುಂಚ ಮಾತ್ರ. ಇಟಲಿಯಿಂದಲೇ ಇನ್ನೊಂದು ಕವಲು ಆಂಟ್‌ವರ್ಪ್ ನಗರಕ್ಕೆ, ಅಲ್ಲಿಂದ ಹಾಲೆಂಡಿಗೆ ಸಾಗಿತು. ಪೋರ್ಚುಗಲ್ಲಿನವರೂ ಬೇಗನೆ ಕಲಿತರು. ಲಿಸ್ಬನ್ನಿನ ಸಾವೊ ರೋಕ್ ಚರ್ಚಿನಲ್ಲಿ ಫ್ರಾನ್ಸಿಸ್ಕೊ ಡಿ ಮಾಟೋಸ್ 1584ರಲ್ಲಿ ಸಹಿ ಮಾಡಿದ ಟೈಲ್‌ಗಳಿವೆ. ಪೋರ್ಚುಗೀಸರು ಇಂಥ ಟೈಲನ್ನು ‘ಅಜುಲೇಜು’ ಎನ್ನುತ್ತಾರೆ. ‘ಅಜುಲ್’ ಎಂದರೆ ಅವರ ಭಾಷೆಯಲ್ಲಿ ನೀಲಿ. ಆದರೆ ಟೈಲಿನ ಹೆಸರು ಅದರಿಂದ ಬಂದದ್ದಲ್ಲ. ನಯಗೊಳಿಸಿದ ಸಣ್ಣ ಕಲ್ಲು ಎಂಬ ಅರ್ಥದ ಅರಬ್ಬೀ ಶಬ್ದ ಅದರ ಮೂಲ.

ಚಿತ್ರ ಬರೆಯುವ ಕ್ರಮ

ಈಗ ಕೆಲಸದ ಮನೆಯೊಳಗೆ ಹೋಗೋಣ. ಗಿರಾಕಿಯ ಗೋಡೆಯನ್ನು ಮೊದಲು ಅಳೆಯುತ್ತಾರೆ. ಬಾಗಿಲು, ಕಿಟಕಿ, ಮೆಟ್ಟಿಲ ಇಳಿಜಾರು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಎಷ್ಟು ಟೈಲ್ ಬೇಕೆಂದು ಗೊತ್ತುಮಾಡುತ್ತಾರೆ. ಜೇಡಿಮಣ್ಣಿನ ಹಸಿ ಬಿಲ್ಲೆಗಳನ್ನು ನೆರಳಿನಲ್ಲಿ ಒಣಗಿಸಿ ಸುಮಾರು 1000 ಡಿಗ್ರಿಯಲ್ಲಿ ಒಮ್ಮೆ ಸುಡುತ್ತಾರೆ. ಇದಕ್ಕೆ ಬಿಸ್ಕೆಟ್ ಸುಡುವಿಕೆ ಎಂದು ಹೆಸರು. ಜೇಡಿಮಣ್ಣು ಒಣಗುವಾಗ ಮತ್ತು ಬೇಯುವಾಗ ಕುಗ್ಗುತ್ತದೆ. ಎಲ್ಲ ಬಿಲ್ಲೆಗಳೂ ಒಂದೇ ಸಮನಾಗಿ ಕುಗ್ಗುವುದೂ ಇಲ್ಲ. ಹಸಿಮಣ್ಣಿನ ಮೇಲೆ ಚಿತ್ರ ಬರೆದಿದ್ದರೆ ಗೆರೆಗಳು ಟೈಲಿನಿಂದ ಟೈಲಿಗೆ ತಪ್ಪಿಹೋಗುತ್ತಿದ್ದವು. ಕುಗ್ಗುವುದೆಲ್ಲ ಮುಗಿದ ಮೇಲೆ ಚಿತ್ರ ಬರೆಯುವುದರಿಂದಲೇ 1300 ಟೈಲ್‌ಗಳ ಗೆರೆಗಳು ಕೂಡಿಕೊಳ್ಳಲು ಸಾಧ್ಯ.

ಸುಟ್ಟ ಬಿಲ್ಲೆಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ನೀರಿನಲ್ಲಿ ಕಲೆಸಿದ ಗ್ಲೇಜನ್ನು ಅದರ ಮೇಲೆ ಹರಿಸಿದರೆ ನೀರು ಒಳಗೆ ಇಳಿದು, ಸುಣ್ಣ ಬಳಿದಂತೆ ಬಿಳಿ ಪುಡಿಯ ಪದರ ಮೇಲೆ ಉಳಿಯುತ್ತದೆ. ಟೈಲ್‌ಗಳನ್ನು ಒರಗುಹಲಗೆಯ ಮೇಲೆ ಸಾಲಾಗಿ ಜೋಡಿಸಿ, ಸೂಜಿಯಿಂದ ಚುಚ್ಚಿದ ಕಾಗದದ ನಕ್ಷೆಯನ್ನಿಟ್ಟು ಇದ್ದಿಲ ಪುಡಿ ತಟ್ಟುತ್ತಾರೆ. ಜರಿ ಕಸೂತಿ ಮಾಡುವ ಅಂಗಡಿಗಳಲ್ಲಿ ಬಟ್ಟೆಯ ಮೇಲೆ ನಕ್ಷೆ ಇಳಿಸುವುದನ್ನು ನೀವು ನೋಡಿದ್ದರೆ ಈ ಉಪಾಯ ಹೊಸದೆನಿಸದು. ಚುಕ್ಕೆಗಳ ಜಾಡಿನಲ್ಲಿ ಕುಂಚ ಓಡುತ್ತದೆ. ಒಣ ಪುಡಿಯು ಬಣ್ಣದ ನೀರನ್ನು ಕ್ಷಣದಲ್ಲಿ ಹೀರಿಬಿಡುವುದರಿಂದ ಬರೆದದ್ದನ್ನು ಅಳಿಸಿ ತಿದ್ದುವಂತಿಲ್ಲ. ಪ್ರತಿ ಟೈಲಿನ ಹಿಂದೆ ಸಾಲಿಗೆ ಒಂದು ಅಕ್ಷರ, ಸ್ಥಾನಕ್ಕೆ ಒಂದು ಅಂಕಿ ಗುರುತು ಹಾಕಿ ಎರಡನೆಯ ಸಲ ಆವಿಗೆಗೆ ಸೇರಿಸುತ್ತಾರೆ. ಗ್ಲೇಜು ಕರಗುವಾಗ ಬಣ್ಣ ಅದರೊಳಗೇ ಇಳಿದು ಗಾಜಿನ ಭಾಗವಾಗುತ್ತದೆ. ತವರದ ಹರಳುಗಳಿಂದ ಗ್ಲೇಜು ಗಟ್ಟಿಯಾಗಿರುವುದರಿಂದ ಗೆರೆ ಹೆಚ್ಚು ಹರಿದಾಡುವುದಿಲ್ಲ. ಬಣ್ಣ ಮಾಸದಿರುವ ಗುಟ್ಟೂ ಇದೇ. ಅದು ಗೋಡೆಯ ಮೇಲೆ ಬಳಿದ ಬಣ್ಣವಲ್ಲ, ಗಾಜಿನಲ್ಲಿ ಕರಗಿದ ಲೋಹದ ಆಕ್ಸೈಡು.

ಈ ಪರೀಕ್ಷೆಯಲ್ಲಿ ಎಲ್ಲ ಬಣ್ಣಗಳೂ ತೇರ್ಗಡೆಯಾಗುವುದಿಲ್ಲ. ಮ್ಯಾಂಗನೀಸು ನೇರಳೆ ಕೊಡುತ್ತದೆ. ಆಂಟಿಮನಿ ಮತ್ತು ಸೀಸ ಸೇರಿ ಹಳದಿ. ಕಬ್ಬಿಣ ಕಂದು, ಕಿತ್ತಳೆ. ತಾಮ್ರ ಸೀಸದ ಗ್ಲೇಜಿನಲ್ಲಿ ಹಸಿರು, ಕ್ಷಾರದ ಗ್ಲೇಜಿನಲ್ಲಿ ವೈಡೂರ್ಯದಂಥ ತಿಳಿನೀಲಿ. ಆದರೆ ಅಂಚು ಹರಡುತ್ತದೆ. ಒಳ್ಳೆಯ ಕೆಂಪು ಸಿಗುವುದೇ ಕಷ್ಟ. ಎಲ್ಲಕ್ಕಿಂತ ನಂಬಿಕಸ್ತ ಕೋಬಾಲ್ಟು. ಗ್ಲೇಜಿನಲ್ಲಿ ಶೇ. 1ಕ್ಕಿಂತ ಕಡಿಮೆ ಇದ್ದರೂ ಗಾಢ ನೀಲಿ. ನೀರು ಬೆರೆಸಿ ತೆಳು ಮಾಡಿದರೆ ದೂರದ ಬೆಟ್ಟಕ್ಕೆ ಬೇಕಾದ ತಿಳಿನೀಲಿ. ಬರೆಯುವಾಗ ಬೂದು ಅಥವಾ ಕಪ್ಪಾಗಿರುವ ಪುಡಿ ಬೆಂದ ಮೇಲಷ್ಟೇ ನೀಲಿಯಾಗುತ್ತದೆ. ಆದ್ದರಿಂದ ಕಲಾವಿದ ಕಣ್ಣಿಗೆ ಕಾಣುವ ಬಣ್ಣವನ್ನಲ್ಲ, ಮುಂದೆ ಕಾಣಲಿರುವ ಬಣ್ಣವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಬೇಕು. ಸ್ವೀಡನ್ನಿನ ಜಾರ್ಜ್ ಬ್ರಾಂಟ್ ಕೋಬಾಲ್ಟನ್ನು ಹೊಸ ಲೋಹವೆಂದು ಗುರುತಿಸಿದ್ದು ಸುಮಾರು 1735ರಲ್ಲಿ. ಲಿಸ್ಬನ್ನಿನ ಚಿತ್ರ ಅದಕ್ಕೂ ಮೂರು ದಶಕ ಮೊದಲಿನದು. ಹೆಸರಿಲ್ಲದ ಧಾತುವಿನ ಗುಣಗಳನ್ನು ಕುಂಬಾರರು ಶತಮಾನಗಳಿಂದ ಚೆನ್ನಾಗಿ ಬಲ್ಲವರಾಗಿದ್ದರು.

ಮನೆಯ ಅಳತೆಗೆ ಚಿತ್ರ

17ನೇ ಶತಮಾನದ ಕೊನೆಯಲ್ಲಿ ಪೋರ್ಚುಗಲ್ಲಿನ ಸಿರಿವಂತರು ಹಾಲೆಂಡಿನ ನೀಲಿ-ಬಿಳಿ ಟೈಲ್ ಚಿತ್ರಗಳಿಗೆ ಮಾರುಹೋಗಿದ್ದರು. ತಮ್ಮ ಗೋಡೆಯ ಅಳತೆ ಕಳಿಸಿದರೆ ಅಲ್ಲಿಂದ ಚಿತ್ರ ಹಡಗಿನಲ್ಲಿ ಬರುತ್ತಿತ್ತು. 1687ರಿಂದ 1698ರವರೆಗೆ ವಿದೇಶಿ ಟೈಲ್ ಆಮದನ್ನು ದೊರೆ ತಡೆಹಿಡಿದ. ಆಗ ಲಿಸ್ಬನ್ನಿನ ಕಾರ್ಯಾಗಾರಗಳಿಗೆ ಕೈತುಂಬ ಕೆಲಸ ಸಿಕ್ಕಿತು. ಡೆಲ್ ಬಾರ್ಕೊನಂಥ ನುರಿತ ಚಿತ್ರಕಾರರು ಟೈಲಿಗೆ ಇಳಿದರು. 18ನೇ ಶತಮಾನದ ಮನೆಗಳಲ್ಲಿ ಮೆಟ್ಟಿಲ ಬಳಿ ಆಳೆತ್ತರದ ದ್ವಾರಪಾಲಕರ ಚಿತ್ರಗಳನ್ನು ಟೈಲಿನಲ್ಲೇ ನಿಲ್ಲಿಸುವುದು ರೂಢಿಯಾಯಿತು. ಅವರು ಕೈಚಾಚಿ ಬಂದವರನ್ನು ಸ್ವಾಗತಿಸುತ್ತಿದ್ದರು.

1755ರ ಭೂಕಂಪದ ನಂತರ ಊರನ್ನೇ ಮತ್ತೆ ಕಟ್ಟಬೇಕಾಯಿತು. ಒಂದೊಂದು ಮನೆಗೂ ಬೇರೆ ಚಿತ್ರ ಬರೆಯುವ ಪುರುಸೊತ್ತಾಗಲಿ ಹಣವಾಗಲಿ ಇರಲಿಲ್ಲ. ಒಂದೇ ವಿನ್ಯಾಸ ಮರುಕಳಿಸುವ ಅಗ್ಗದ ಟೈಲ್‌ಗಳು ಸಾಮಾನ್ಯರ ಮನೆಗಳಿಗೂ ಬಂದವು. 19ನೇ ಶತಮಾನದಲ್ಲಿ ಅವು ಮನೆಯ ಹೊರಗೋಡೆಗೂ ಹಬ್ಬಿದವು. ದೊಡ್ಡ ಚಿತ್ರಗಳ ಕಲೆ ಅಳಿಯಲಿಲ್ಲ. ಪೋರ್ಟೊ ನಗರದ ಸಾವೊ ಬೆಂಟೊ ರೈಲು ನಿಲ್ದಾಣಕ್ಕೆ ಜಾರ್ಜ್ ಕೊಲಾಸೊ 1905ರಿಂದ 1916ರ ಅವಧಿಯಲ್ಲಿ ಸುಮಾರು 20,000 ಟೈಲ್‌ಗಳ ಚಿತ್ರಗಳನ್ನು ಮಾಡಿದ. ಅವನದೇ ಕೈಕೆಲಸ ನಮ್ಮ ನೆರೆಯ ಗೋವಾದಲ್ಲೂ ಇದೆ. ಪಣಜಿಯ ಮೆನೆಜಿಸ್ ಬ್ರಗಾಂಜಾ ಸಂಸ್ಥೆಯ ಪ್ರವೇಶದ್ವಾರದಲ್ಲಿ ನೀವು 1935ರ ಆ ಟೈಲ್ ಚಿತ್ರಗಳನ್ನು ನೋಡಬಹುದು.

ಸೀಸ ತೆತ್ತ ಬೆಲೆ

ಈ ಕಥೆಯಲ್ಲಿ ಮುಚ್ಚಿಡಬಾರದ ಒಂದು ಮಾತಿದೆ. ಗ್ಲೇಜು ಕಡಿಮೆ ಕಾವಿನಲ್ಲಿ ಕರಗಿ ಕನ್ನಡಿಯಂತೆ ಹರಡಲು ಕಾರಣ ಸೀಸ. ಸೀಸವನ್ನು ಕಾಯಿಸಿ ಭಸ್ಮ ಮಾಡುವವರು, ಅದನ್ನು ಅರೆಯುವವರು, ಗ್ಲೇಜಿನಲ್ಲಿ ಕೈ ಅದ್ದುವವರು ದಿನವೂ ಆ ವಿಷವನ್ನು ಉಸಿರಾಡುತ್ತಿದ್ದರು, ನುಂಗುತ್ತಿದ್ದರು. ಲಿಸ್ಬನ್ನಿನ ಚಿತ್ರ ತಯಾರಾದ ಕಾಲದಲ್ಲೇ, 1700ರಲ್ಲಿ, ಇಟಲಿಯ ವೈದ್ಯ ಬರ್ನಾರ್ಡಿನೊ ರಮಝೀನಿ ಕಸುಬುಗಳಿಂದ ಬರುವ ರೋಗಗಳ ಬಗ್ಗೆ ಪುಸ್ತಕ ಪ್ರಕಟಿಸಿದ. ಕುಂಬಾರರ ಕೈ ಮೊದಲು ನಡುಗುತ್ತದೆ, ಬಳಿಕ ಸ್ವಾಧೀನ ತಪ್ಪುತ್ತದೆ, ಹಲ್ಲು ಉದುರುತ್ತದೆ, ಮುಖ ಸೀಸದ ಬಣ್ಣಕ್ಕೆ ತಿರುಗುತ್ತದೆ ಎಂದು ಅದರಲ್ಲಿ ವಿವರಿಸಿದ್ದಾನೆ. ಚಿತ್ರಕ್ಕೆ ಸಹಿ ಹಾಕಿದವನ ಹೆಸರು ಉಳಿಯಿತು. ಗ್ಲೇಜು ಅರೆದವರ ಹೆಸರು ಯಾವ ಟೈಲಿನ ಹಿಂದೆಯೂ ಇಲ್ಲ.

ಪರಿಹಾರ ತಿಳಿದ ಮೇಲೂ ಅದು ಜಾರಿಗೆ ಬರಲು ಕಾಲ ಹಿಡಿಯಿತು. ಸೀಸವನ್ನು ಮೊದಲೇ ಸಿಲಿಕಾದೊಂದಿಗೆ ಕರಗಿಸಿ ಗಾಜು ಮಾಡಿ, ಆ ಗಾಜನ್ನು ಪುಡಿಮಾಡಿ ಬಳಸಿದರೆ ಅದು ಹೊಟ್ಟೆಯ ಆಮ್ಲದಲ್ಲಿ ಅಷ್ಟಾಗಿ ಕರಗದು. ಇಂಥ ಪುಡಿಗೆ ಫ್ರಿಟ್ ಎಂದು ಹೆಸರು. ಬ್ರಿಟನ್ ಸರ್ಕಾರ 1898ರಲ್ಲಿ ರಸಾಯನ ವಿಜ್ಞಾನಿ ಥಾರ್ಪ್ ಮತ್ತು ವೈದ್ಯ ಆಲಿವರ್ ಅವರಿಂದ ವಿಚಾರಣೆ ಮಾಡಿಸಿದಾಗ ಅವರು ಒತ್ತಿ ಹೇಳಿದ ಮಾತುಗಳಲ್ಲಿ ಇದೂ ಒಂದು. ಇಂದು ಬೋರಾನ್ ಬೆರೆತ, ಸೀಸವಿಲ್ಲದ ಗ್ಲೇಜುಗಳು ದೊರೆಯುತ್ತವೆ. ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಟೈಲ್ ಚಿತ್ರ ಮಾಡುವವರು ಅವನ್ನೇ ಬಳಸಬೇಕು.

ಬೀದರಿನ ಗೋಡೆ ಹೇಳುವ ಪಾಠ

ಟೈಲ್ ಚಿತ್ರಗಳು ಮಾಸುವುದಿಲ್ಲ, ನಿಜ. ಆದರೆ ಕಳಚಿ ಬೀಳುತ್ತವೆ. 1472ರಲ್ಲಿ ಪೂರ್ಣಗೊಂಡ ಬೀದರಿನ ಮಹಮೂದ್ ಗಾವಾನ್ ಮದರಸಾದ ಮುಂಭಾಗ ಒಮ್ಮೆ ಟೈಲ್‌ಗಳಿಂದ ತುಂಬಿತ್ತು. ಅದನ್ನು ಕಟ್ಟಿಸಿದ ಗಾವಾನ್ ಇರಾನಿನ ಗೀಲಾನ್ ಪ್ರಾಂತದವನು. 17ನೇ ಶತಮಾನದ ಕೊನೆಯಲ್ಲಿ ಅಲ್ಲಿ ಸಂಭವಿಸಿದ ಸಿಡಿಮದ್ದಿನ ಸ್ಫೋಟ ಕಟ್ಟಡದ ಒಂದು ಭಾಗವನ್ನೇ ಕೆಡವಿತು. ಉಳಿದ ಗೋಡೆಯಲ್ಲೂ ಮಿನಾರಿನಲ್ಲೂ ಟೈಲ್‌ಗಳು ಅಲ್ಲಲ್ಲಿ ಮಾತ್ರ ಉಳಿದಿವೆ. ಸ್ಫೋಟವೊಂದನ್ನೇ ದೂರಿ ಪ್ರಯೋಜನವಿಲ್ಲ. ಟೈಲಿಗೆ ಸಾಮಾನ್ಯವಾಗಿ ಎರಡು ಶತ್ರುಗಳಿವೆ.

ಮೊದಲನೆಯದು ಉಷ್ಣ ವ್ಯಾಕೋಚನದ ಅಂತರ. ಆವಿಗೆಯಿಂದ ತಣಿಯುವಾಗ ಗ್ಲೇಜು ತನ್ನ ಕೆಳಗಿನ ಮೈಗಿಂತ ಹೆಚ್ಚು ಕುಗ್ಗಿದರೆ ಎಳೆತಕ್ಕೆ ಸಿಕ್ಕಿ ಬಲೆಯಂತೆ ಬಿರುಕುಬಿಡುತ್ತದೆ. ತುಂಬ ಕಡಿಮೆ ಕುಗ್ಗಿದರೆ ಚಕ್ಕೆಯಾಗಿ ಏಳುತ್ತದೆ. ಅದು ಮೈಗಿಂತ ಸ್ವಲ್ಪವೇ ಕಡಿಮೆ ಕುಗ್ಗಿ, ಲಘುವಾದ ಒತ್ತಡದಲ್ಲಿರಬೇಕು. ಕ್ಷಾರದ ಗ್ಲೇಜು ಹೆಚ್ಚು ಕುಗ್ಗುವಂಥದು; ಬೆಣಚುಕಲ್ಲೂ ಹೆಚ್ಚು ಕುಗ್ಗುವಂಥದು. ಅಬುಲ್ ಕಾಸಿಂ 12ರಲ್ಲಿ 10 ಪಾಲು ಬೆಣಚುಕಲ್ಲು ಹೇಳಿದ್ದರ ಅರ್ಥ ಈಗ ತಿಳಿಯಿತಲ್ಲವೆ? ಸ್ಪೇನ್, ಪೋರ್ಚುಗಲ್ಲಿನವರು ಸೀಸ-ತವರದ ಗ್ಲೇಜಿಗೆ ಹೊಂದುವಂತೆ ಸುಣ್ಣದಂಶ ಹೆಚ್ಚಿರುವ ಜೇಡಿಯನ್ನು ಆರಿಸಿಕೊಂಡರು.

ಎರಡನೆಯ ಶತ್ರು ಉಪ್ಪು. ಗೋಡೆಯ ಹಿಂದಿನಿಂದ ತೇವ ಏರಿದಾಗ ನೀರಿನಲ್ಲಿ ಕರಗಿದ ಲವಣಗಳು ಟೈಲಿನ ರಂಧ್ರಗಳನ್ನು ಸೇರುತ್ತವೆ. ಮುಂದೆ ಗಾಜಿನ ಪದರವಿರುವುದರಿಂದ ನೀರು ಅಲ್ಲಿ ಆವಿಯಾಗದು; ಬಿರುಕು, ಸಂದುಗಳ ಬಳಿ ಮಾತ್ರ ಆರುತ್ತದೆ. ಅಲ್ಲಿ ಹರಳುಗಟ್ಟುವ ಉಪ್ಪು ಗ್ಲೇಜನ್ನು ಕೆಳಗಿನಿಂದ ಎತ್ತಿ ಒಡೆಯುತ್ತದೆ. ಒಡೆದ ಟೈಲಿನ ಸುತ್ತ ಸಿಮೆಂಟು ಮೆತ್ತಿದರೆ ಕೆಡುಕು ಹೆಚ್ಚು. ಸಿಮೆಂಟು ತೇವವನ್ನು ಹೊರಬಿಡದು, ತಾನೇ ಲವಣಗಳನ್ನೂ ಸೇರಿಸುತ್ತದೆ. ಹಳೆಯ ಕಟ್ಟಡಕ್ಕೆ ಸುಣ್ಣದ ಗಾರೆಯೇ ಸೂಕ್ತ ಎನ್ನುವುದು ಇದರಿಂದಲೇ.

ಇವುಗಳ ಜೊತೆ ಮನುಷ್ಯನ ಕೈಯೂ ಇದೆ. ಲಿಸ್ಬನ್ನಿನಲ್ಲಿ ಹಳೆಯ ಮನೆಗಳ ಟೈಲ್‌ಗಳನ್ನು ಕದ್ದು ಮಾರುವುದು ಎಷ್ಟು ಹೆಚ್ಚಿತೆಂದರೆ ಅಲ್ಲಿನ ತನಿಖಾ ಪೊಲೀಸ್ ಇಲಾಖೆಯ ವಸ್ತುಸಂಗ್ರಹಾಲಯವೇ 2007ರಲ್ಲಿ ಟೈಲ್ ರಕ್ಷಣೆಯ ಯೋಜನೆ ಆರಂಭಿಸಬೇಕಾಯಿತು. ಮನೆಯ ಹೊರಗೋಡೆಯ ಟೈಲ್ ಕೀಳುವುದನ್ನು ನಿರ್ಬಂಧಿಸುವ ಕಾಯಿದೆ 2017ರಲ್ಲಿ ಬಂತು.

ನೀವೇ ಪರೀಕ್ಷಿಸಿ

ಇಂದು ಮನೆಗೆ ಟೈಲ್ ಚಿತ್ರ ಮಾಡಿಸುವವರ ಮುಂದೆ ಹಲವು ದಾರಿಗಳಿವೆ. ಹಸಿ ಗ್ಲೇಜಿನ ಮೇಲೆ ಬರೆದು ಸುಮಾರು 1000 ಡಿಗ್ರಿಯಲ್ಲಿ ಸುಡುವುದು ಹಳೆಯ ಕ್ರಮ. ಅಂಗಡಿಯ ಸಿದ್ಧ ಬಿಳಿ ಟೈಲಿನ ಮೇಲೆ ಬರೆದು ಸುಮಾರು 800 ಡಿಗ್ರಿಯಲ್ಲಿ ಸುಡುವುದು ಸುಲಭ. ಆದರೆ ಬಣ್ಣ ಮೇಲ್ಮೈಯಲ್ಲೇ ಉಳಿಯುವುದರಿಂದ ಅಡುಗೆಮನೆಯ ಹುಳಿ, ಉಜ್ಜುವ ಪುಡಿಗಳಿಗೆ ಬೇಗ ಸವೆಯಬಹುದು. ಆವಿಗೆಯನ್ನೇ ಕಾಣದ, ಬರೀ ಒಣಗಿಸಿದ ಬಣ್ಣ ಬಚ್ಚಲುಮನೆಗೆ ತಕ್ಕದ್ದಲ್ಲ. 2000ದಿಂದೀಚೆಗೆ ಇಂಕ್‌ಜೆಟ್ ಯಂತ್ರಗಳೂ ಟೈಲಿನ ಮೇಲೆ ಚಿತ್ರ ಮೂಡಿಸುತ್ತಿವೆ. ಅವುಗಳ ಶಾಯಿಯಲ್ಲಿರುವುದೂ ಬೆಂಕಿಗೆ ಹೆದರದ ಲೋಹದ ಬಣ್ಣಗಳೇ. ಮಾದರಿ ಟೈಲಿನ ಮೂಲೆಯನ್ನು ಉಗುರುಬಣ್ಣ ತೆಗೆಯುವ ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿ ನೋಡಿ. ಬಣ್ಣ ಹತ್ತಿಗೆ ಹತ್ತಿದರೆ ಅದು ಸುಟ್ಟ ಬಣ್ಣವಲ್ಲ.

ಶಿಕ್ಷಕರು ತರಗತಿಯಲ್ಲಿ ಒಡೆದ ಗೋಡೆ ಟೈಲಿನ ಒಂದು ತುಂಡು ತಂದು, ಮುಂಭಾಗಕ್ಕೊಂದು, ಹಿಂಭಾಗಕ್ಕೊಂದು ನೀರಿನ ಹನಿ ಹಾಕಿಸಬಹುದು. ಹಿಂದೆ ಹನಿ ಇಂಗುತ್ತದೆ, ಮುಂದೆ ನಿಲ್ಲುತ್ತದೆ. ಹಿಂಭಾಗಕ್ಕೆ ಬಣ್ಣದ ನೀರಿನಲ್ಲಿ ಒಂದು ಗೆರೆ ಎಳೆಸಿ, ಅದನ್ನು ಅಳಿಸಲು ಹೇಳಿ. ಟೈಲ್ ಕಲಾವಿದನಿಗೆ ತಿದ್ದುವ ಅವಕಾಶ ಏಕಿಲ್ಲವೆಂದು ಮಕ್ಕಳಿಗೆ ತಾನೇ ತಿಳಿಯುತ್ತದೆ. ಬೀದರಿಗೆ ಶೈಕ್ಷಣಿಕ ಪ್ರವಾಸ ಹೋದಾಗ ಮದರಸಾದ ಮುಂದೆ ಫೋಟೋ ತೆಗೆಸಿಕೊಂಡು ಹೊರಟುಬಿಡಬೇಡಿ. ಟೈಲ್ ಉಳಿದ ಜಾಗ ಯಾವುದು, ಉದುರಿದ ಜಾಗ ಯಾವುದು, ಮಳೆನೀರು ಎಲ್ಲಿ ಇಳಿಯುತ್ತದೆ, ಬಿಳಿ ಉಪ್ಪು ಎಲ್ಲಿ ಕಾಣುತ್ತದೆ ಎಂದು ವಿದ್ಯಾರ್ಥಿಗಳಿಂದ ನಕ್ಷೆ ಬರೆಸಿ, ದಿನಾಂಕ ಹಾಕಿ ಶಾಲೆಯಲ್ಲಿಡಿ. ಮುಂದಿನ ವರ್ಷದ ತಂಡ ಅದರೊಂದಿಗೆ ಹೋಲಿಸಿದರೆ, ಎಷ್ಟು ಟೈಲ್ ಕಡಿಮೆಯಾಗಿದೆ ಎಂಬುದಕ್ಕೆ ಒಂದು ಲೆಕ್ಕವಾದರೂ ಸಿಗುತ್ತದೆ.